ಮರದ ಮೇಲೆ ಸುಟ್ಟು ಬರೆಯುವ ಪೆನ್ನು: ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

ಪೈರೋಗ್ರಫಿ, ಅಂದರೆ ಕಾದ ಮೊನೆಯಿಂದ ಮರವನ್ನು ಸುಟ್ಟು ಚಿತ್ರ ಬಿಡಿಸುವ ಕೆಲಸವನ್ನು, ಕಲಿಯಲು ಹೊರಟವರಲ್ಲಿ ಬಹಳ ಮಂದಿ ಮೊದಲು ಕೊಳ್ಳುವುದು ಹತ್ತಾರು ತುಂಡುಗಳನ್ನು ತುಂಬಿದ ದೊಡ್ಡ ಪೆಟ್ಟಿಗೆಯನ್ನು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಅಚ್ಚು, ಹೂಬಳ್ಳಿಯ ಸ್ಟೆನ್ಸಿಲ್, ಬಣ್ಣದ ಪೆನ್ಸಿಲ್, ಎಂದೂ ಬಳಸದ ಮೊನೆಗಳು ಎಲ್ಲವೂ ಇರುತ್ತವೆ. ಹದವಾದ ಶಾಖ ಕೊಡುವ ಪೆನ್ನು ಮಾತ್ರ ಇರುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಪೆಟ್ಟಿಗೆ ಅಟ್ಟ ಸೇರುತ್ತದೆ, ಕೊಂಡವರು ತಮ್ಮ ಕೈಯೇ ಸರಿಯಿಲ್ಲವೆಂದು ಕೈಬಿಡುತ್ತಾರೆ. ಮೊನೆಗಳ ಸಂಖ್ಯೆಯನ್ನು ಮರೆತು ಎರಡೇ ಸಂಗತಿಗಳನ್ನು ನೋಡಬೇಕು: ಮರವು ಹೀರಿಕೊಂಡ ಶಾಖವನ್ನು ಮೊನೆ ಎಷ್ಟು ಬೇಗ ಮರಳಿ ಪಡೆಯುತ್ತದೆ, ಮತ್ತು ಹಿಡಿದ ಬೆರಳು ಮೊನೆಗೆ ಎಷ್ಟು ಹತ್ತಿರವಿರುತ್ತದೆ.

ಮೊದಲ ಹಂತ: ಕೆಲಸ ಯಾವುದೆಂದು ತೀರ್ಮಾನಿಸಿ

ಮನೆಯ ಹೆಸರಿನ ಫಲಕ, ಕೀಲಿಗೊಂಚಲು, ದಪ್ಪ ರೇಖೆಯ ರಂಗೋಲಿ ವಿನ್ಯಾಸ ಇಷ್ಟೇ ಸಾಕೆನ್ನುವವರಿಗೆ ಹಿತ್ತಾಳೆಯ ಗಟ್ಟಿ ಮೊನೆಯ ಪೆನ್ನು ಸಾಕು. ಹಕ್ಕಿಯ ಗರಿ, ಮುಖಚಿತ್ರ, ಯಕ್ಷಗಾನದ ಕಿರೀಟದ ಸೂಕ್ಷ್ಮ ಕುಸುರಿ ಬೇಕೆನ್ನುವವರು ತಂತಿ ಮೊನೆಯ ಯಂತ್ರಕ್ಕೇ ಹಣ ಕೂಡಿಡಬೇಕು.

ಎರಡನೆಯ ಹಂತ: ಎರಡು ಬಗೆಗಳ ವ್ಯತ್ಯಾಸ ತಿಳಿಯಿರಿ

ಗಟ್ಟಿ ಮೊನೆಯ ಪೆನ್ನು ಮೂಲತಃ ಸೋಲ್ಡರಿಂಗ್ ಐರನ್ನಿನ, ಅಂದರೆ ತಂತಿಗಳನ್ನು ಬೆಸೆಯುವ ಸಲಕರಣೆಯ, ಸಂಬಂಧಿ. ಹಿಡಿಯ ಮುಂದಿನ ಕೊಳವೆಯೊಳಗಿನ ಹೀಟರ್ ಕಾದು, ಆ ಶಾಖ ಸ್ಕ್ರೂ ಹಾಕಿ ಕೂರಿಸಿದ ಹಿತ್ತಾಳೆಯ ಮೊನೆಗೆ ಹರಿಯಬೇಕು. ಆದ್ದರಿಂದ ಕಾಯಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ, ಆರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಕೊಳವೆಯ ಉದ್ದದಿಂದಾಗಿ ಕೈಯೂ ಮೊನೆಯಿಂದ ದೂರ ಉಳಿಯುತ್ತದೆ. ಮೊನೆ ಬದಲಿಸಬೇಕಾದರೆ ಪೂರ್ತಿ ಆರುವವರೆಗೆ ಕಾಯಲೇಬೇಕು. ಬಿಸಿಯಿರುವಾಗಲೇ ಇಕ್ಕುಳ ಹಾಕಿ ತಿರುಗಿಸಿದರೆ ಮೆದುವಾದ ಹಿತ್ತಾಳೆಯ ಸ್ಕ್ರೂ ಸುತ್ತುಗಳು ಸವೆಯುತ್ತವೆ, ಇಲ್ಲವೇ ಮೊನೆ ಮುರಿದು ಕೊಳವೆಯೊಳಗೇ ಉಳಿಯುತ್ತದೆ.

ತಂತಿ ಮೊನೆಯ ಯಂತ್ರದಲ್ಲಿ ಬೇರೆ ಹೀಟರ್ ಇರುವುದಿಲ್ಲ. ನಿಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್ ತಂತಿಯೇ ಮೊನೆ, ಅದೇ ಹೀಟರ್. ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಯಿಂದ ಕೆಲವೇ ವೋಲ್ಟ್‌ಗಳಲ್ಲಿ, ಆದರೆ ಹಲವು ಆಂಪಿಯರ್ ಪ್ರಮಾಣದಲ್ಲಿ ವಿದ್ಯುತ್ ಹರಿಯುವುದರಿಂದ ತಂತಿ ಕೆಲವು ಸೆಕೆಂಡುಗಳಲ್ಲಿ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಇಲ್ಲಿ ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಪೆನ್ನಿಗೆ ಬರುವ ಕೇಬಲ್. ಅದು ಸಪೂರವಾಗಿದ್ದರೆ ಮೊನೆಗೆ ಸೇರಬೇಕಾದ ಶಾಖವನ್ನು ಕೇಬಲ್ ತಾನೇ ನುಂಗಿ ಬಿಸಿಯಾಗುತ್ತದೆ. ಕೆನಡಾದ ರೇಜರ್‌ಟಿಪ್, ಅಮೆರಿಕದ ಕೋಲ್‌ವುಡ್ ಈ ಬಗೆಯ ಯಂತ್ರಗಳಿಗೆ ಹೆಸರಾದ ಕಂಪನಿಗಳು.

ಇವೆರಡರ ನಡುವೆ ಹಿಡಿಯ ಮೇಲೇ ಅಂಕಿ ತೋರಿಸುವ, 60 ವ್ಯಾಟ್ ಎಂದು ಬರೆದ ಅಗ್ಗದ ಪೆನ್ನುಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಹೇರಳವಾಗಿವೆ. ಅವುಗಳ ಪರದೆಯಲ್ಲಿ ಕಾಣುವ 450 ಡಿಗ್ರಿ ಸಾಮಾನ್ಯವಾಗಿ ಹೀಟರಿನ ಶಾಖವೇ ಹೊರತು ಮೊನೆಯದ್ದಲ್ಲ. ಅಂಕಿಗೆ ಮರುಳಾಗಿ ಕೊಳ್ಳುವುದಕ್ಕಿಂತ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 25 ವ್ಯಾಟಿನ ಸಾದಾ ಸೋಲ್ಡರಿಂಗ್ ಐರನ್ ತಂದು ಅಭ್ಯಾಸ ಮಾಡುವುದೇ ಮೇಲು. ಅದಕ್ಕೆ ದೀಪದ ಡಿಮ್ಮರ್ ಜೋಡಿಸಿ ಶಾಖ ತಗ್ಗಿಸುವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ತಂತಿಗಳನ್ನು ಬರಿಗೈಯಲ್ಲಿ ತಿರುಚಿ, ಟೇಪು ಸುತ್ತಿ ಮೇಜಿನ ಮೇಲಿಡುವವರನ್ನು ನೋಡಿದ್ದೇನೆ. ಮುಚ್ಚಿದ ಸ್ವಿಚ್ ಬೋರ್ಡಿನೊಳಗೆ ಎಲೆಕ್ಟ್ರೀಷಿಯನ್ ಕೂರಿಸಿಕೊಡದ ಹೊರತು ಅದರ ಗೋಜಿಗೆ ಹೋಗಬಾರದು.

ಮೂರನೆಯ ಹಂತ: ವೋಲ್ಟೇಜ್ ಓದಿ

ಅಮೆರಿಕದಲ್ಲಿರುವ ಮಗನೋ ತಂಗಿಯೋ ಒಳ್ಳೆಯ ಪೆನ್ನನ್ನು ಪ್ರೀತಿಯಿಂದ ತಂದುಕೊಟ್ಟಾಗ ಎಚ್ಚರ ಬೇಕಾಗುವುದು ಇಲ್ಲಿ. ಅಲ್ಲಿನ 120 ವೋಲ್ಟಿಗೆ ಮಾಡಿದ 30 ವ್ಯಾಟಿನ ಪೆನ್ನನ್ನು ಪಿನ್ ಬದಲಿಸುವ ಅಡಾಪ್ಟರ್ ಮಾತ್ರ ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಅದು ಸುಮಾರು 110 ವ್ಯಾಟ್ ಎಳೆಯಲು ಹೋಗಿ ಕರಟುತ್ತದೆ, ಏಕೆಂದರೆ ವೋಲ್ಟೇಜ್ ಎಷ್ಟು ಪಟ್ಟು ಏರುತ್ತದೆಯೋ ಅದರ ವರ್ಗದಷ್ಟು ಪಟ್ಟು ಶಾಖ ಏರುತ್ತದೆ. ಇದೇ ಲೆಕ್ಕ ಇಳಿಮುಖವಾಗಿಯೂ ನಡೆಯುತ್ತದೆ: ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ಮನೆಯ ವೋಲ್ಟೇಜ್ 180ಕ್ಕೆ ಇಳಿದರೆ ಶಾಖದಲ್ಲಿ ನೂರಕ್ಕೆ ನಲವತ್ತರಷ್ಟು ಖೋತಾ ಆಗುತ್ತದೆ. ಅಂಥ ಊರಿನಲ್ಲಿ ಪೆನ್ನಿನ ಜೊತೆಗೆ ಸಣ್ಣ ಸ್ಟೆಬಿಲೈಸರ್ ಕೂಡ ಕೊಳ್ಳಬೇಕು.

ನಾಲ್ಕನೆಯ ಹಂತ: ಮರದ ಮೇಲೆ ಎಳೆದು ನೋಡಿ

ಎಲ್ಲರೂ ಬಿಟ್ಟುಬಿಡುವುದು ಈ ಹಂತವನ್ನೇ. ಅಂಗಡಿಯವರು ಸ್ವಿಚ್ ಹಾಕಿ, ಮೊನೆ ಕೆಂಪಾಗುವುದನ್ನು ತೋರಿಸಿ, ‘ನೋಡಿ, ಎಷ್ಟು ಕಾಯುತ್ತದೆ’ ಎನ್ನುತ್ತಾರೆ. ಕೆಂಪಗೆ ಹೊಳೆಯುವ ಮೊನೆಯಿಂದ ಯಾರೂ ಚಿತ್ರ ಬರೆಯುವುದಿಲ್ಲ. ಆ ಶಾಖಕ್ಕೆ ರೇಖೆಯ ಎರಡೂ ಬದಿಗೆ ಕಂದು ಹೊಗೆಕಲೆ ಹರಡುತ್ತದೆ, ತಂತಿಯೂ ಬೇಗ ಸೊರಗುತ್ತದೆ. ನೋಡಬೇಕಾದದ್ದು ಗಾಳಿಯಲ್ಲಿರುವ ಮೊನೆಯನ್ನಲ್ಲ, ಮರಕ್ಕೆ ತಾಗಿದ ಮೊನೆಯನ್ನು. ಹೋಗುವಾಗ ನಿಮ್ಮದೇ ಒಂದು ಹಲಗೆಯನ್ನು ಒಯ್ಯಿರಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಇದಕ್ಕೆ ಅತ್ಯುತ್ತಮ. ಅದರ ಬಣ್ಣ ತಿಳಿ, ಎಳೆ ನಯ. ಅರಗು ಬಳಿಯದ ತುಂಡನ್ನು 320ರ ಮರಳುಕಾಗದದಲ್ಲಿ ಉಜ್ಜಿ ಸಿದ್ಧಮಾಡಿಕೊಳ್ಳಿ.

ಪೆನ್ನು ಪೂರ್ತಿ ಕಾದ ಮೇಲೆ ಮರದ ಎಳೆಗೆ ಅಡ್ಡಲಾಗಿ, ಒತ್ತದೆ, ಒಂದೇ ವೇಗದಲ್ಲಿ ಹತ್ತು ಸೆಂಟಿಮೀಟರ್ ಗೆರೆ ಎಳೆಯಿರಿ. ಗೆರೆಯ ಆರಂಭ ಕಡುಗಪ್ಪಾಗಿದ್ದು, ನಡುವೆ ಕಂದಾಗಿ, ಕೊನೆಯಲ್ಲಿ ಬಿಳಿಚಿಕೊಂಡರೆ ಆ ಪೆನ್ನು ಸುಮ್ಮನಿರುವಾಗ ಕೂಡಿಟ್ಟ ಶಾಖವನ್ನು ಖರ್ಚು ಮಾಡುತ್ತಿದೆಯೇ ಹೊರತು ಹೊಸದಾಗಿ ಪೂರೈಸುತ್ತಿಲ್ಲ ಎಂದು ಅರ್ಥ. ಕಲಿಯುವವರು ಈ ಬಿಳಿಚುವಿಕೆಯನ್ನು ಕಂಡೊಡನೆ ಪೆನ್ನನ್ನು ಒತ್ತತೊಡಗುತ್ತಾರೆ. ಒತ್ತಿದಾಗ ಗೆರೆ ಕಪ್ಪಾಗುವ ಬದಲು ಹಳ್ಳವಾಗುತ್ತದೆ, ತಂತಿ ಮೊನೆಯಾದರೆ ಬಾಗುತ್ತದೆ. ಒಳ್ಳೆಯ ಯಂತ್ರದಲ್ಲಿ ಗೆರೆಯ ಮೊದಲ ಸೆಂಟಿಮೀಟರಿಗೂ ಕೊನೆಯದಕ್ಕೂ ಬಣ್ಣದ ವ್ಯತ್ಯಾಸ ಹುಡುಕಿದರೂ ಕಾಣಬಾರದು.

ಅನಂತರ ಶಾಖವನ್ನು ಅತಿ ಕಡಿಮೆಗೆ ಇಳಿಸಿ, ತಿಳಿ ಗೋಧಿ ಬಣ್ಣದ ಒಂದು ಚೌಕವನ್ನು ನಿಧಾನವಾಗಿ ತುಂಬಿ. ಕಪ್ಪು ಮಾಡುವುದು ಎಂಥ ಪೆನ್ನಿಗೂ ಸುಲಭ. ಛಾಯೆಯ ಕೆಲಸವೆಲ್ಲ ನಿಂತಿರುವುದು ಈ ತಿಳಿ ಬಣ್ಣದ ಮೇಲೆ. ಡಯಲ್ ತಿರುಗಿಸಿದರೂ ಮೊದಲ ಸ್ಪರ್ಶಕ್ಕೇ ಕಪ್ಪು ಚುಕ್ಕೆ ಮೂಡಿಸುವ ಪೆನ್ನನ್ನು ಹಿಂತಿರುಗಿಸಿ. ಚೌಕ ಮುಗಿದೊಡನೆ ಶಾಖ ಏರಿಸಿ, ಎಷ್ಟು ಹೊತ್ತಿಗೆ ಗಾಢ ಗೆರೆ ಬರುತ್ತದೆಂದು ನೋಡಿ. ಇಷ್ಟೆಲ್ಲ ಆಗುವಷ್ಟರಲ್ಲಿ ಹಿಡಿಯೂ ಪರೀಕ್ಷೆಗೆ ಒಳಗಾಗಿರುತ್ತದೆ: ಹತ್ತು ನಿಮಿಷಕ್ಕೇ ಬೆರಳಿಗೆ ಬಿಸಿ ತಟ್ಟಿದರೆ ಒಂದು ಗಂಟೆಯ ಕೆಲಸಕ್ಕೆ ಅದು ಬಾರದು. ಬೆರಳಿನಿಂದ ಮೊನೆಗೆ ಮೂರು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕನ್ನಡದ ದುಂಡು ಅಕ್ಷರಗಳ ತಿರುವು ಹಿಡಿತಕ್ಕೆ ಸಿಗುವುದು ಕಷ್ಟ.

ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ದುಬಾರಿ ಯಂತ್ರ ಕೊಳ್ಳಬೇಡಿ. ಆನ್‌ಲೈನಿನಲ್ಲಿ ತರಿಸಿದವರು ಹಿಂತಿರುಗಿಸುವ ಅವಧಿಯೊಳಗೇ ಇದನ್ನೆಲ್ಲ ಮಾಡಿ ಮುಗಿಸಬೇಕು. ಪರೀಕ್ಷೆಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಅಥವಾ ಪ್ಲೈವುಡ್ ಚೂರು ಕೊಟ್ಟರೆ ಬೇಡವೆನ್ನಿ. ಅವುಗಳ ಅಂಟು ಸುಟ್ಟಾಗ ಫಾರ್ಮಾಲ್ಡಿಹೈಡ್‌ನಂಥ ವಿಷಾನಿಲ ಬರುತ್ತದೆ, ಸಾಮಾನ್ಯ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯ ಮೇಲೆ ‘ಎಂಬಿ’ ಎಂಬ ಮುದ್ರೆಯಿದ್ದರೆ ಅದು ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ವಿಷಾನಿಲ ಉಣಿಸಿದ ಮರ, ಅದನ್ನೂ ಸುಡಬಾರದು.

ಐದನೆಯ ಹಂತ: ಮೊನೆಗಳು

ಗೆರೆಗೆ ಚಾಕುವಿನಂಥದ್ದು, ಅಕ್ಷರಕ್ಕೆ ದುಂಡು ತುದಿಯದ್ದು, ಛಾಯೆಗೆ ಚಮಚದಂಥದ್ದು. ಮೂರು ಸಾಕು.

ಮೊನೆಗೆ ಮಸಿ ಕಟ್ಟಿದಾಗ ತಂತಿ ಮೊನೆಯನ್ನು ಟೀ ಸೋಸುವ ಸ್ಟೀಲ್ ಜಾಲರಿಯ ಮೇಲೆ ಹಗುರಾಗಿ ಎಳೆದರೆ ಶುಚಿಯಾಗುತ್ತದೆ, ಇದಕ್ಕೆಂದೇ ಮಾರುವ ದುಬಾರಿ ಉಜ್ಜುವ ಸಾಧನಗಳು ಬೇಕಿಲ್ಲ. ಕೊಳ್ಳುವಾಗಲೇ ತಂತಿ ಮೊನೆಯನ್ನು ಬೇರೆಯಾಗಿ ಮಾರುತ್ತಾರೆಯೇ, ಅಥವಾ ಪೆನ್ನಿನ ತುದಿಯಲ್ಲಿ ಎರಡು ಸ್ಕ್ರೂಗಳಿದ್ದು ನಾವೇ ತಂತಿ ಕಟ್ಟಿಕೊಳ್ಳಬಹುದೇ ಎಂದು ವಿಚಾರಿಸಿ. ನನ್ನ ಆಯ್ಕೆ ಯಾವಾಗಲೂ ಎರಡನೆಯದು. ಸುಮಾರು 0.7ರಿಂದ 0.9 ಮಿಲಿಮೀಟರ್ ದಪ್ಪದ ನೈಕ್ರೋಮ್ ತಂತಿ ಒಂದೆರಡು ಮೀಟರ್ ತಂದಿಟ್ಟುಕೊಂಡರೆ ಮುರಿದ ಮೊನೆಗಾಗಿ ವಾರಗಟ್ಟಲೆ ಪಾರ್ಸೆಲ್ ಕಾಯಬೇಕಾಗಿಲ್ಲ, ಚಪ್ಪಟೆ ಬಾಯಿಯ ಇಕ್ಕುಳದಲ್ಲಿ ಬೇಕಾದ ಆಕಾರಕ್ಕೆ ಬಗ್ಗಿಸಿಕೊಳ್ಳಬಹುದು.