ಸುತ್ತಾಟ, ಮೆರವಣಿಗೆ, ಬಾಲ್: ಇಂಗ್ಲಿಷಿನಲ್ಲಿ ಯಾವ ಸಂದರ್ಭಕ್ಕೆ ಯಾವ ಪದ

ಜಾತ್ರೆಯ ಆಹ್ವಾನ ಪತ್ರಿಕೆಗೆ ಇಂಗ್ಲಿಷ್ ಪುಟ ಬೇಕು, ಶಾಲೆಯ ವಾರ್ಷಿಕ ವರದಿ ಇಂಗ್ಲಿಷಿನಲ್ಲೇ ಹೋಗಬೇಕು, ನಂದಿಬೆಟ್ಟದ ಹತ್ತಿರದ ಹೋಂಸ್ಟೇಗೆ ಪ್ರವಾಸಿಗರು ಓದುವಂಥ ನಾಲ್ಕು ಸಾಲು ಬರೆದುಕೊಡಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಂಥ ಕೆಲಸ ಬಂದಾಗ ಸಾಮಾನ್ಯವಾಗಿ ಮೂರೇ ಪದ ಕೈಗೆ ಬರುತ್ತವೆ: ವಾಕಿಂಗ್, ಪ್ರೊಸೆಷನ್, ಡ್ಯಾನ್ಸ್. ನಿಘಂಟು ತೆರೆದರೆ ಪ್ರತಿಯೊಂದಕ್ಕೂ ಹತ್ತಾರು ಪರ್ಯಾಯ ಸಿಗುತ್ತವೆ. ಚೆನ್ನಾಗಿ ಕೇಳಿಸಿತೆಂದು ಅದರಲ್ಲೊಂದನ್ನು ಎತ್ತಿಟ್ಟರೆ ಮದುವೆ ದಿಬ್ಬಣ ಶವಯಾತ್ರೆಯಾಗಿಬಿಡುವ ಅಪಾಯವಿದೆ.

ಪದ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಡೆಯುವವರು ಎಲ್ಲಿಗಾದರೂ ತಲುಪಬೇಕೇ? ಅವರನ್ನು ನೋಡಲು ಜನ ನಿಂತಿದ್ದಾರೆಯೇ? ಹೆಜ್ಜೆಗೆ ತಾಳದ ಲೆಕ್ಕ ಇದೆಯೇ? ಮೂರಕ್ಕೂ ‘ಇಲ್ಲ’ ಎಂದಾದರೆ ಅದು ಸುತ್ತಾಟ. ಸಾಲು, ಕ್ರಮ, ಗೊತ್ತಾದ ದಾರಿ ಇದ್ದರೆ ಮೆರವಣಿಗೆ. ನೋಡುವವರಿಗಾಗಿಯೇ ನಡೆಯುತ್ತಿದ್ದರೆ ಪೆರೇಡ್. ಹೆಜ್ಜೆ ಎಣಿಸುವುದಾದರೆ ನೃತ್ಯ.

ಸುಮ್ಮನೆ ನಡೆಯುವುದಕ್ಕೆ

ಮೊದಲು ‘ವಾಕಿಂಗ್’ ಸರಿಮಾಡೋಣ. ನಾವು ಕನ್ನಡದಲ್ಲಿ ‘ವಾಕಿಂಗ್ ಮಾಡ್ತೀನಿ’, ‘ವಾಕಿಂಗಿಗೆ ಹೋಗ್ತೀನಿ’ ಅನ್ನುವುದರಿಂದ ಇಂಗ್ಲಿಷಿನಲ್ಲೂ ‘ಐ ಆಮ್ ಡೂಯಿಂಗ್ ವಾಕಿಂಗ್’, ‘ಐ ಗೋ ಫಾರ್ ವಾಕಿಂಗ್’ ಎಂದು ಬಂದುಬಿಡುತ್ತದೆ. ಸರಿಯಾದ ರೂಪಗಳು ‘ಗೋ ಫಾರ್ ಎ ವಾಕ್’ ಮತ್ತು ‘ಟೇಕ್ ಎ ವಾಕ್’. ನಡುವಿನ ‘ಎ’ ಬಿಡುವಂತಿಲ್ಲ. ‘ಗೋ ವಾಕಿಂಗ್’ ಕೂಡ ಸರಿ, ಆದರೆ ಅಲ್ಲಿ ‘ಫಾರ್’ ಬರುವುದಿಲ್ಲ. ಬ್ರಿಟನ್ನಿನವರಿಗೆ ಅದು ಹಳ್ಳಿಗಾಡಿನಲ್ಲಿ ಗಂಟೆಗಟ್ಟಲೆ ನಡೆಯುವ ಹವ್ಯಾಸ ಎಂದೂ ಕೇಳಿಸುತ್ತದೆ.

ಆರಾಮಾದ ನಡಿಗೆಗೆ ಎಲ್ಲಕ್ಕಿಂತ ಸುರಕ್ಷಿತ ಪದ ಸ್ಟ್ರೋಲ್. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಹಿರಿಯರಿಗೂ ಮಕ್ಕಳಿಗೂ ಒಪ್ಪುತ್ತದೆ. ಎಡವುವುದು ಪ್ರಿಪೊಸಿಷನ್ನಿನಲ್ಲಿ. ತುಮಕೂರಿನ ಅಮಾನಿಕೆರೆಯ ದಂಡೆಯ ಉದ್ದಕ್ಕೆ ನಡೆದರೆ ‘ಅಲಾಂಗ್’, ಕೆರೆಗೆ ಒಂದು ಸುತ್ತು ಹಾಕಿದರೆ ‘ಅರೌಂಡ್’, ಪೇಟೆ ಬೀದಿಗಳ ಒಳಗಿಂದ ಹಾದರೆ ‘ಥ್ರೂ’. ‘ಸ್ಟ್ರೋಲ್ ಆನ್ ದ ಲೇಕ್’ ಎಂದು ಬರೆದರೆ ನೀರಿನ ಮೇಲೆ ನಡೆದಂತಾಯಿತು.

ಸಾಂಟರ್ ಎಂಬುದರಲ್ಲಿ ‘ನನಗೇನು ಅವಸರ’ ಅನ್ನುವ ಧೋರಣೆ ಸೇರಿಕೊಂಡಿದೆ. ಸಭೆಗೆ ಅರ್ಧ ಗಂಟೆ ತಡವಾಗಿ ಕೈಬೀಸಿಕೊಂಡು ಬಂದವನು ‘ಸಾಂಟರ್ಡ್ ಇನ್’. ಮಠದ ಸ್ವಾಮೀಜಿಯವರಿಗೋ ಮುಖ್ಯ ಅತಿಥಿಗೋ ಈ ಕ್ರಿಯಾಪದ ಹಾಕಬೇಡಿ. ಆ್ಯಂಬಲ್ ಮೂಲದಲ್ಲಿ ಕುದುರೆಯ ನಡಿಗೆ: ಒಂದು ಬದಿಯ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುವುದು. ಸವಾರನಿಗೆ ಕುಲುಕಾಟ ಕಡಿಮೆ. ಆ ನಿರಾಳತೆ ಈಗಲೂ ಪದದಲ್ಲಿ ಉಳಿದಿರುವುದರಿಂದ ಮುದುಕರು, ದನಗಳು, ಊಟವಾದ ಮೇಲಿನ ನಾಲ್ಕು ಹೆಜ್ಜೆ ಎಲ್ಲಕ್ಕೂ ಹೊಂದುತ್ತದೆ.

ರ್‍ಯಾಂಬಲ್ ವಿಷಯದಲ್ಲಿ ಜಾಗ್ರತೆ. ಬ್ರಿಟನ್ನಿನಲ್ಲಿ ಹೊಲಗದ್ದೆಗಳ ನಡುವಿನ ಕಾಲುದಾರಿಯಲ್ಲಿ ಖುಷಿಗಾಗಿ ನಡೆಯುವುದಕ್ಕೆ ಇದು ಒಳ್ಳೆಯ ಪದವೇ. ಅದೇ ಪದ ಮಾತಿಗೆ ಅಂಟಿದರೆ ತಲೆಬುಡವಿಲ್ಲದೆ ಎಳೆಯುವುದು ಎಂದರ್ಥ. ‘ದ ಚೀಫ್ ಗೆಸ್ಟ್ ರ್‍ಯಾಂಬಲ್ಡ್’ ಅಂದರೆ ಮುಂದಿನ ವರ್ಷ ಅವರು ಬರುವುದಿಲ್ಲ. ವಾಂಡರ್ ಗುರಿಯಿಲ್ಲದ ಅಲೆದಾಟ. ಡಾಡಲ್ ಎಂದರೆ ಬೇರೆಯವರಿಗೆ ಸಿಟ್ಟು ಬರುವಷ್ಟು ನಿಧಾನ. ಲಾಯ್ಟರ್‌ನಲ್ಲಿ ಅನುಮಾನದ ವಾಸನೆಯಿದೆ, ಅದು ಬಸ್ ನಿಲ್ದಾಣದ ಎಚ್ಚರಿಕೆ ಫಲಕಕ್ಕೆ ಸರಿ. ನಮ್ಮ ಹುಡುಗರ ‘ಸಿಂಪ್ಲಿ ರೋಮಿಂಗ್’ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರಿಗೆ ರೋಮ್ ಎಂದರೆ ದೊಡ್ಡ ಪ್ರದೇಶದಲ್ಲಿ ಎಲ್ಲೆಂದರಲ್ಲಿ ತಿರುಗುವುದು, ಕಾಡಿನ ಆನೆಯ ಹಾಗೆ.

ಬೆಟ್ಟ ಹತ್ತುವುದಕ್ಕೆಲ್ಲ ನಾವು ‘ಟ್ರೆಕ್ಕಿಂಗ್’ ಅನ್ನುತ್ತೇವೆ. ದಕ್ಷಿಣ ಆಫ್ರಿಕದ ಡಚ್ ಮೂಲದ ವಲಸಿಗರ ಎತ್ತಿನಗಾಡಿ ಪ್ರಯಾಣದಿಂದ ಇಂಗ್ಲಿಷಿಗೆ ಬಂದ ಪದ ಅದು. ಹೊರದೇಶದವರು ಟ್ರೆಕ್ ಎಂದು ಓದಿದರೆ ಹಲವು ದಿನಗಳ ಕಷ್ಟದ ಹಾದಿಗೆ ಸಿದ್ಧರಾಗಿ ಬರುತ್ತಾರೆ. ಸ್ಕಂದಗಿರಿ, ದೇವರಾಯನದುರ್ಗದಂಥ ಅರ್ಧ ದಿನದ ಏರಿಗೆ ಹೈಕ್ ಸಾಕು. ಕೋಲಾರದ ಅಂತರಗಂಗೆಯಂತೆ ಮೆಟ್ಟಿಲಿದ್ದರೆ ‘ಕ್ಲೈಂಬ್ ದ ಸ್ಟೆಪ್ಸ್’ ಎಂದು ನೇರವಾಗಿ ಹೇಳಿ, ವಯಸ್ಸಾದವರಿಗೆ ಉಪಕಾರವಾಗುತ್ತದೆ.

ಪ್ರದಕ್ಷಿಣೆಗೆ ಸರ್ಕಮ್ಯಾಂಬ್ಯುಲೇಟ್ ಎಂಬ ಪದವಿದೆ, ತೂಕ ಜಾಸ್ತಿ. ಆಷಾಢದ ನಂದಿ ಗಿರಿ ಪ್ರದಕ್ಷಿಣೆಯ ಬಗ್ಗೆ ಬರೆಯುವಾಗ ‘ಪ್ರದಕ್ಷಿಣ’ ಎಂದೇ ಒಮ್ಮೆ ಬರೆದು, ‘ಎ ರಿಚುವಲ್ ವಾಕ್ ಅರೌಂಡ್ ದ ಹಿಲ್, ಕೀಪಿಂಗ್ ಇಟ್ ಆನ್ ಒನ್ಸ್ ರೈಟ್’ ಎಂದು ವಿವರಿಸಿ. ‘ಕ್ಲಾಕ್‌ವೈಸ್’ ಎಂದಷ್ಟೇ ಹೇಳುವುದಕ್ಕಿಂತ ಇದು ಮೇಲು, ಬಲಕ್ಕಿಟ್ಟುಕೊಳ್ಳುವುದೇ ಆಚರಣೆಯ ತಿರುಳು.

ಪ್ರಾಮನೇಡ್ ಎಂಬ ಬಹುರೂಪಿ

ನಡಿಗೆ, ಮೆರವಣಿಗೆ, ನೃತ್ಯ ಮೂರಕ್ಕೂ ಕಾಲಿಟ್ಟಿರುವ ಪದ ಇದೊಂದೇ. ಫ್ರೆಂಚಿನಿಂದ ಬಂದದ್ದು. ಚೆನ್ನಾಗಿ ಉಟ್ಟು ತೊಟ್ಟು, ನಾಲ್ಕು ಜನ ನೋಡಲಿ ಎಂದು ಸಂಜೆ ನಡೆಯುವುದು ಪ್ರಾಮನೇಡ್. ಹಾಗೆ ನಡೆಯಲು ಕಟ್ಟಿದ ಅಗಲ ದಾರಿಯೂ ಪ್ರಾಮನೇಡ್. ಬ್ರಿಟನ್ನಿನ ಕಡಲೂರುಗಳಲ್ಲಿ ಅದನ್ನೇ ‘ದ ಪ್ರಾಮ್’ ಅನ್ನುತ್ತಾರೆ. ಅಮೆರಿಕದಲ್ಲಿ ಪ್ರಾಮ್ ಎಂದರೆ ಹೈಸ್ಕೂಲ್ ಮುಗಿಸುವ ಹೊತ್ತಿನ ಔಪಚಾರಿಕ ನೃತ್ಯಕೂಟ. ಲಂಡನ್ನಿನ ‘ಪ್ರಾಮ್ಸ್’ 1895ರಲ್ಲಿ ಶುರುವಾದ ಸಂಗೀತ ಕಛೇರಿಗಳ ಸರಣಿ. ಕೂರದೆ ಓಡಾಡಿಕೊಂಡು ಸಂಗೀತ ಕೇಳುವ ರೂಢಿಯಿಂದ ಆ ಹೆಸರು ಬಂತು, ನಿಂತು ಕೇಳುವ ಟಿಕೆಟ್ ಅಲ್ಲಿ ಈಗಲೂ ಇದೆ. ಇನ್ನು ನಾಲ್ಕು ಜೋಡಿಗಳು ಚೌಕವಾಗಿ ನಿಂತು ಕುಣಿಯುವ ಸ್ಕ್ವೇರ್ ಡ್ಯಾನ್ಸಿನಲ್ಲಿ ‘ಪ್ರಾಮನೇಡ್’ ಎಂದು ಕೂಗಿದರೆ ಜೋಡಿಗಳು ಕೈಹಿಡಿದು ಅಪ್ರದಕ್ಷಿಣವಾಗಿ ಸುತ್ತಿ ತಮ್ಮ ಜಾಗಕ್ಕೆ ಬಂದು ನಿಲ್ಲಬೇಕು.

ಬ್ರಿಟಿಷರ ಬಾಯಲ್ಲಿ ಕೊನೆ ‘ನಾಡ್’, ಅಮೆರಿಕನ್ನರ ಬಾಯಲ್ಲಿ ‘ನೇಡ್’. ಕೆರೆ ಏರಿಯ ದಾರಿಗೆ ‘ಲೇಕ್‌ಸೈಡ್ ಪಾಥ್’ ಸಾಕು, ಪ್ರಾಮನೇಡ್ ಎಂಬ ಆಡಂಬರವನ್ನು ಲೇಔಟ್ ಮಾರುವವರಿಗೆ ಬಿಡಿ. ಪಿಯು ಕಾಲೇಜಿನ ಬೀಳ್ಕೊಡುಗೆ ‘ಫೇರ್‌ವೆಲ್’. ಜೋಡಿ ನೃತ್ಯ ಇಲ್ಲದ ಕಡೆ ‘ಪ್ರಾಮ್ ನೈಟ್’ ಎಂದು ಅಚ್ಚು ಹಾಕಿಸಬೇಡಿ.

ಮೆರವಣಿಗೆಗೆ

ಇಲ್ಲಿ ನಮಗೆ ಕೆಲಸ ಹೆಚ್ಚು, ತಪ್ಪೂ ಹೆಚ್ಚು. ಪ್ರೊಸೆಷನ್ ಎಂದರೆ ಕ್ರಮ ಮತ್ತು ಗಾಂಭೀರ್ಯ ಇರುವ ನಡಿಗೆ. ದೇವರ ಉತ್ಸವ, ಮದುವೆ, ಘಟಿಕೋತ್ಸವ, ಅಂತ್ಯಕ್ರಿಯೆ ಯಾವುದಕ್ಕೂ ಸಲ್ಲುತ್ತದೆ. ‘ಟುಕ್ ಔಟ್ ಎ ಪ್ರೊಸೆಷನ್’ ಭಾರತದ ಪತ್ರಿಕೆಗಳಲ್ಲಿ ಬೇರೂರಿದ ಪ್ರಯೋಗ, ಇಲ್ಲಿಯ ಓದುಗರಿಗೆ ಧಾರಾಳವಾಗಿ ಬಳಸಿ. ಹೊರಗಿನವರಿಗೆ ‘ಹೆಲ್ಡ್’ ಉತ್ತಮ. ದೇವರನ್ನು ಮೆರವಣಿಗೆಯಲ್ಲಿ ಒಯ್ದರೆ ‘ಕ್ಯಾರೀಡ್ ಇನ್ ಪ್ರೊಸೆಷನ್’. ಇಲ್ಲಿ ‘ಎ’ ಇಲ್ಲ, ‘ದ’ ಕೂಡ ಇಲ್ಲ. ದಾರಿ ಹೇಳಲು ಮೂರು ಕ್ರಿಯಾಪದ ಸಾಕು: ಹೊರಟಲ್ಲಿ ‘ಸೆಟ್ ಔಟ್ ಫ್ರಂ’, ಬೀದಿಗಳಲ್ಲಿ ‘ವೌಂಡ್ ಇಟ್ಸ್ ವೇ ಥ್ರೂ’, ಮುಗಿದಲ್ಲಿ ‘ಎಂಡೆಡ್ ಅಟ್’. ಇವುಗಳಲ್ಲಿ ನಡುವಿನದನ್ನು ‘ವೌಂಡ್’ ಎಂದೇ ಓದಬೇಕು. ಅಕ್ಷರ ಅವೇ ಇದ್ದರೂ ಗಾಯಕ್ಕೆ ಮಾತ್ರ ‘ವೂಂಡ್’ ಉಚ್ಚಾರ. ವೇದಿಕೆಯಲ್ಲಿ ಓದುವವರಿಗೆ ಮೊದಲೇ ಹೇಳಿಡಿ.

ಪೆರೇಡ್ ನೋಡುವವರಿಗಾಗಿ ಇರುವುದು: ಗಣರಾಜ್ಯೋತ್ಸವದ ಪಥಸಂಚಲನ, ಬ್ಯಾಂಡ್, ಸಮವಸ್ತ್ರ. ಕ್ರಿಯಾಪದವಾದಾಗ ಇದರ ಬಣ್ಣ ಕೆಡುತ್ತದೆ. ಅಪರಾಧ ಸುದ್ದಿಗಳಲ್ಲಿ ಆರೋಪಿಗಳನ್ನು ಬೀದಿಯಲ್ಲಿ ನಡೆಸಿದರೆ ‘ಪೆರೇಡೆಡ್’ ಎಂದೇ ಬರೆಯುವುದು. ‘ದ ಡೀಟಿ ವಾಸ್ ಪೆರೇಡೆಡ್’ ಎಂದು ಎಂದೂ ಬರೆಯಕೂಡದು.

ಸಿದ್ಧಗಂಗೆಯಲ್ಲೂ ನಂದಿಯ ಭೋಗನಂದೀಶ್ವರನಲ್ಲೂ ಶಿವರಾತ್ರಿಯ ಹೊತ್ತಿಗೆ ತೇರು ಎಳೆಯುತ್ತಾರೆ. ಹಳೆಯ ಇಂಗ್ಲಿಷ್ ಪ್ರಕಟಣೆಗಳಲ್ಲಿ ರಥೋತ್ಸವಕ್ಕೆ ‘ಕಾರ್ ಫೆಸ್ಟಿವಲ್’ ಎಂದಿರುತ್ತದೆ. ಹೊಸ ಓದುಗರ ಕಣ್ಣಿಗೆ ಮಾರುತಿ ಕಾರು ಬರುವುದರಿಂದ ‘ಚಾರಿಯಟ್ ಫೆಸ್ಟಿವಲ್’ ವಾಸಿ. ರಥಕ್ಕೆ ‘ಡ್ರಿವನ್’ ಹಾಕಬಾರದು. ಭಕ್ತರು ಹಗ್ಗ ಹಿಡಿದು ಎಳೆಯುವುದರಿಂದ ‘ಪುಲ್ಡ್’ ಅಥವಾ ‘ಡ್ರಾನ್’. ಪಲ್ಲಕ್ಕಿಗೆ ಪ್ಯಾಲಂಕ್ವೀನ್, ಅದು ಹೆಗಲ ಮೇಲಿನದು. ಕೋಲಾರ, ಚಿಂತಾಮಣಿ ಕಡೆಯ ಹೂವಿನ ಪಲ್ಲಕ್ಕಿ ಟ್ರ್ಯಾಕ್ಟರ್ ಮೇಲೆ ಬಂದರೆ ‘ಕ್ಯಾರೀಡ್’ ಎಂದರೆ ಸುಳ್ಳಾಗುತ್ತದೆ. ‘ಎ ಫ್ಲವರ್-ಡೆಕ್ಡ್ ಪ್ಯಾಲಂಕ್ವೀನ್ ಮೌಂಟೆಡ್ ಆನ್ ಎ ಟ್ರ್ಯಾಕ್ಟರ್’ ಎಂದು ಇದ್ದಂತೆ ಬರೆಯಿರಿ.

ಉತ್ಸವಮೂರ್ತಿಗೆ ‘ಪ್ರೊಸೆಷನಲ್ ಇಮೇಜ್’. ಗರ್ಭಗುಡಿಯ ಮೂಲವಿಗ್ರಹ ಹೊರಗೆ ಬರುವುದಿಲ್ಲವಲ್ಲ. ಬರೀ ‘ದ ಐಡಲ್ ವಾಸ್ ಟೇಕನ್ ಔಟ್’ ಅಂದರೆ ಕಳವಿನ ಸುದ್ದಿಯೋ ಅನ್ನಿಸುತ್ತದೆ. ಸ್ತಬ್ಧಚಿತ್ರಕ್ಕೆ ಟ್ಯಾಬ್ಲೋ, ಬಹುವಚನಕ್ಕೆ ಕೊನೆಯಲ್ಲಿ ‘ಎಸ್’ ಬದಲು ‘ಎಕ್ಸ್’ ಅಕ್ಷರ. ವಾಹನದ ಮೇಲಿದ್ದರೆ ಹೊರದೇಶದವರಿಗೆ ‘ಫ್ಲೋಟ್’ ಬೇಗ ತಿಳಿಯುತ್ತದೆ. ಕರಗವನ್ನು ಮಾತ್ರ ಅನುವಾದಿಸಲು ಹೋಗಬೇಡಿ. ‘ಕರಗ’ ಎಂದೇ ಇಟ್ಟು, ಹೊತ್ತವರನ್ನು ‘ಕರಗ ಬೇರರ್’ ಎನ್ನಿ. ‘ಪಾಟ್ ಡ್ಯಾನ್ಸ್’ ಎಂದರೆ ಊರಿನವರೂ ಒಪ್ಪುವುದಿಲ್ಲ, ಓದುಗರಿಗೂ ತಪ್ಪು ಚಿತ್ರ.

ನಮ್ಮ ‘ಬೈಕ್ ರ್‍ಯಾಲಿ’ ಇಲ್ಲಿ ಸರಿ, ಆದರೆ ಹೊರಗೆ ರ್‍ಯಾಲಿ ಎಂದರೆ ಒಂದೆಡೆ ಸೇರಿ ಭಾಷಣ ಕೇಳುವ ಸಭೆ, ಇಲ್ಲವೇ ಕಾರುಗಳ ಪಂದ್ಯ. ಬೇಡಿಕೆ ಹಿಡಿದು ನಡೆದರೆ ಮಾರ್ಚ್. ಶಾಲಾ ಮಕ್ಕಳ ಜಾಥಾಕ್ಕೆ ‘ಅವೇರ್ನೆಸ್ ವಾಕ್’. ಕ್ಯಾವಲ್ಕೇಡ್‌ನಲ್ಲಿ ಮೂಲತಃ ಕುದುರೆ ಸವಾರರಿರಬೇಕು, ಅದರ ಬಾಲ ಕತ್ತರಿಸಿ ಕಟ್ಟಿದ್ದು ಮೋಟರ್‌ಕೇಡ್. ಗಣ್ಯರ ವಾಹನಸಾಲಿಗೆ ಅದು ಸರಿ, ಬೆಂಗಾವಲು ಮುಖ್ಯವಾದರೆ ‘ಕಾನ್ವಾಯ್’. ಅತಿ ಅಪಾಯದ ಪದ ಕೋರ್ಟೆಝ್. ಪರಿವಾರ ಎಂಬ ಅರ್ಥವೂ ನಿಘಂಟಿನಲ್ಲಿದೆ, ಆದರೆ ಓದುಗರಿಗೆ ಮೊದಲು ಕಾಣುವುದು ಶವಪೆಟ್ಟಿಗೆ. ಮದುವೆಗೆ ‘ವೆಡಿಂಗ್ ಪ್ರೊಸೆಷನ್’ ಬಿಟ್ಟು ಬೇರೆ ಯೋಚಿಸಬೇಡಿ.

ನೃತ್ಯಕೂಟಕ್ಕೆ

‘ವಿ ಹ್ಯಾವ್ ಆರ್ಗನೈಸ್ಡ್ ಎ ಡ್ಯಾನ್ಸ್’ ಅಂದರೆ ಬಂದವರೇ ಕುಣಿಯಬೇಕು. ವೇದಿಕೆಯ ಮೇಲೆ ಮಕ್ಕಳು ಕುಣಿದು ಪೋಷಕರು ಕೂತು ನೋಡುವುದಾದರೆ ‘ಡ್ಯಾನ್ಸ್ ಪರ್ಫಾರ್ಮೆನ್ಸ್’. ಒಬ್ಬರ ಭರತನಾಟ್ಯಕ್ಕೆ ‘ರಿಸೈಟಲ್’. ವೀರಗಾಸೆ, ಡೊಳ್ಳುಕುಣಿತಗಳಿಗೆ ಅವುಗಳ ಹೆಸರೇ ಇರಲಿ, ಕ್ರಿಯಾಪದ ‘ಪರ್ಫಾರ್ಮ್ಡ್’.

ಬಾಲ್ ಎಂದರೆ ಔಪಚಾರಿಕ ನೃತ್ಯಕೂಟ. ‘ಬಾಲ್ ಡ್ಯಾನ್ಸ್’ ಎಂಬುದು ನಮ್ಮ ಜೋಡಣೆ. ‘ಬಾಲ್’ ಅನ್ನಿ, ಇಲ್ಲವೇ ‘ಬಾಲ್‌ರೂಮ್ ಡ್ಯಾನ್ಸ್’ ಅನ್ನಿ. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದು 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಗಳ ಕಡೆ ಬ್ರಿಟಿಷ್, ಆಂಗ್ಲೋ-ಇಂಡಿಯನ್ ಕುಟುಂಬಗಳ ಜೀವನದ ಬಗ್ಗೆ ಬರೆಯುವವರಿಗೆ ಈ ಪದಗಳು ಬೇಕಾಗುತ್ತವೆ. ಎಲ್ಲ ಕೂಟವೂ ಬಾಲ್ ಅಲ್ಲ. ಉಡುಪಿನ ನಿಯಮ, ಮುದ್ರಿತ ಆಹ್ವಾನ ಇದ್ದರೆ ಬಾಲ್, ಇಲ್ಲದಿದ್ದರೆ ಬರೀ ‘ಡ್ಯಾನ್ಸ್’.

ನೃತ್ಯಗಳಲ್ಲೇ ಕೆಲವು ಮೆರವಣಿಗೆಯ ಜಾತಿಯವು. ಹದಿನಾರನೇ ಶತಮಾನದ ಪವಾನ್‌ನಲ್ಲಿ ಜೋಡಿಗಳು ಎರಡರ ಎಣಿಕೆಗೆ ನಿಧಾನವಾಗಿ ಸಾಲಾಗಿ ನಡೆಯುತ್ತಿದ್ದವು. ಪೋಲೆಂಡಿನ ಪೋಲನೇಝ್ ಕೂಡ ಜೋಡಿಗಳ ಸಾಲೇ, ಎಣಿಕೆ ಮಾತ್ರ ಮೂರು. ಅಲ್ಲಿಯ ಶಾಲೆಗಳಲ್ಲಿ ಅಂತಿಮ ಪರೀಕ್ಷೆಗೆ ಸುಮಾರು 100 ದಿನ ಮುಂಚಿನ ಕೂಟ ಇದರಿಂದಲೇ ಆರಂಭ. 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಮಿನುಯೆಟ್ ಫ್ರೆಂಚ್ ಆಸ್ಥಾನದ ಪುಟ್ಟ ಹೆಜ್ಜೆಗಳ ನೃತ್ಯ. ಕ್ವಡ್ರಿಲ್‌ಗೆ ನಾಲ್ಕು ಜೋಡಿ, ಚೌಕದ ನಾಲ್ಕು ಬದಿಗೆ ನಿಲ್ಲಬೇಕು.

ವಾಲ್ಟ್ಸ್ ಸುತ್ತುವ ನೃತ್ಯ, ಮೂರರ ಎಣಿಕೆ, ಮೊದಲನೆಯದಕ್ಕೆ ಒತ್ತು. ಪದಕ್ಕೆ ವಿವರಣೆ ಬರೆಯುವುದಾದರೆ ಮೂಲ ಚೌಕ ಹೆಜ್ಜೆ ಹೀಗೆ: ಮುನ್ನಡೆಸುವವರ ಎಡಗಾಲು ಮುಂದೆ, ಬಲಗಾಲು ಪಕ್ಕಕ್ಕೆ, ಎಡಗಾಲು ಅದರ ಜೊತೆಗೆ, ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಜೊತೆಗೆ. ಆರು ಹೆಜ್ಜೆ, ಮೂರು ಎಣಿಕೆಗೊಂದರಂತೆ ಎರಡು ಆವರ್ತ. ಮೂರನೆಯ ಹೆಜ್ಜೆಯಲ್ಲಿ ಭಾರವನ್ನು ಎಡಗಾಲಿಗೆ ಪೂರ್ತಿ ವರ್ಗಾಯಿಸದಿದ್ದರೆ ನಾಲ್ಕನೆಯದಕ್ಕೆ ತಪ್ಪು ಕಾಲು ಏಳುತ್ತದೆ. ಸ್ಪರ್ಧೆಗಳಲ್ಲಿ ನಿಧಾನ ವಾಲ್ಟ್ಸಿಗೆ ನಿಮಿಷಕ್ಕೆ 28–30 ಆವರ್ತ, ವಿಯೆನ್ನಾ ವಾಲ್ಟ್ಸಿಗೆ ಅದರ ಸುಮಾರು ಇಮ್ಮಡಿ. ಬರೀ ‘ವಾಲ್ಟ್ಸ್’ ಎಂದು ಬರೆದು ಬ್ಯಾಂಡಿನವರಿಗೆ ಕೊಟ್ಟರೆ ಯಾವುದು ಬರುತ್ತದೋ ಹೇಳಲಾಗದು. ‘ವಾಲ್ಟ್ಸ್ಡ್ ಇನ್’ ಅಂದರೆ ಯಾರ ಅಪ್ಪಣೆಯೂ ಬೇಡವೆಂಬಂತೆ ಒಳನುಗ್ಗುವುದು, ಅದು ಕೂಡ ಗಣ್ಯರಿಗೆ ಸಲ್ಲದು.

ಬರೆದದ್ದನ್ನು ತಿದ್ದುವಾಗ

ಇಂಥ ಸಾಲು ಬಂತು ಎನ್ನಿ: ‘ದ ಐಡಲ್ ವಾಸ್ ಪೆರೇಡೆಡ್ ಇನ್ ಎ ಕಾರ್ ಅಂಡ್ ಡ್ಯಾನ್ಸ್ ವಾಸ್ ಪ್ಲೇಯ್ಡ್.’ ಮೊದಲು ಕ್ರಿಯಾಪದ ತಿದ್ದಿ, ಆಮೇಲೆ ವಾಹನ, ಕೊನೆಗೆ ಕಲಾತಂಡ: ‘ದ ಪ್ರೊಸೆಷನಲ್ ಇಮೇಜ್ ವಾಸ್ ಪ್ಲೇಸ್ಡ್ ಇನ್ ದ ಚಾರಿಯಟ್, ವಿಚ್ ಡಿವೊಟೀಸ್ ಪುಲ್ಡ್ ಅರೌಂಡ್ ದ ಟೆಂಪಲ್, ವೈಲ್ ವೀರಗಾಸೆ ಟ್ರೂಪ್ಸ್ ಪರ್ಫಾರ್ಮ್ಡ್ ಅಲಾಂಗ್ ದ ವೇ.’ ತಂಡಕ್ಕೆ ‘ಟ್ರೂಪ್’ ಬರೆಯುವಾಗ ನಡುವೆ ‘ಒ’ ಮತ್ತು ‘ಯು’ ಎರಡೂ ಇರಬೇಕು. ಎರಡು ‘ಒ’ ಹಾಕಿದರೆ ಸೈನಿಕರ ತುಕಡಿಯಾಗುತ್ತದೆ, ಕಾಗುಣಿತ ತಿದ್ದುವ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ.