ಮನೆಹೆಸರಿನಿಂದ ನಿಂತ ದತ್ತು ಅರ್ಜಿ, ಸರಿಯಾದದ್ದು ಹೀಗೆ

ನಮ್ಮ ಅರ್ಜಿ ನಿಂತದ್ದು ಮನೆಹೆಸರಿನಿಂದ. ಕೊಡಗಿನಲ್ಲಿ ಇದು ಸಾಮಾನ್ಯ: ಪ್ಯಾನ್‌ನಲ್ಲಿ ಪೂರ್ತಿ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಆಧಾರ್ ತಿದ್ದಿಸಿ, ಮದುವೆ ನೋಂದಣಿ ಪತ್ರದ ಜೊತೆ ಮತ್ತೆ ಅಪ್‌ಲೋಡ್ ಮಾಡಿದ ಮೇಲೆ ಮನೆ ಪರಿಶೀಲನೆಗೆ ಬಂದರು. ಕಾರಾ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ಪೋರ್ಟಲ್‌ನಲ್ಲಿ ನೋಂದಾಯಿಸಿದ 30 ದಿನದೊಳಗೆ ದಾಖಲೆ ಏರಿಸಬೇಕು, ಹಾಗಾಗಿ ಹೆಸರು ಮೊದಲೇ ಸರಿಮಾಡಿಸಿ. ಮದುವೆಯಾಗಿ ಎರಡು ವರ್ಷ ತುಂಬಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು.

ತೋಟದ ಲೈನ್‌ಮನೆ ಹತ್ತಿರ ಯಾರೋ ಬಿಟ್ಟುಹೋದ ಮಗುವನ್ನು ಛಾಪಾಕಾಗದ ಬರೆಸಿ ಇಟ್ಟುಕೊಳ್ಳುವುದು ದತ್ತು ಅಲ್ಲ, ಅಪರಾಧ. ದಯವಿಟ್ಟು ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಹೆತ್ತವರನ್ನು ಹುಡುಕಿಸಿ, ಸಿಗದಿದ್ದರೆ ಮಾತ್ರ ಮಕ್ಕಳ ಕಲ್ಯಾಣ ಸಮಿತಿ ಆ ಮಗುವನ್ನು ದತ್ತು ಕೊಡಬಹುದೆಂದು ಘೋಷಿಸುತ್ತದೆ.

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅದರ ಪ್ರತಿ ಇಟ್ಟು ಜನನ ಪ್ರಮಾಣಪತ್ರ ಮಾಡಿಸಿ.