‘ಏನೂ ಇಲ್ಲ’ ಅನ್ನುವ ಗಂಡಸಿನ ಜೊತೆ ಮಾತು ಶುರು ಮಾಡುವುದು ಹೇಗೆ

ನಾನು ನರ್ಸ್. ಗಂಡಸು. ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಕೆಲಸ. ಬಿಪಿ ನೋಡುವುದು, ಇಸಿಜಿ ತೆಗೆಯುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ದಿನಾ ಇದ್ದದ್ದೇ. ಗಂಡಸರು ತಮ್ಮ ಕಷ್ಟವನ್ನು ಎಲ್ಲಿ ಬಚ್ಚಿಡುತ್ತಾರೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಬಹಳಷ್ಟು ಜನ ಅದನ್ನು ಮೈಯಲ್ಲೇ ಇಟ್ಟುಕೊಂಡು ಬರುತ್ತಾರೆ. ಎದೆ ಹಿಡಿದ ಹಾಗೆ ಆಗುತ್ತೆ, ಬೆನ್ನು ನೋವು, ಹೊಟ್ಟೆ ಸರಿ ಇಲ್ಲ, ತಲೆ ಭಾರ. ಪರೀಕ್ಷೆ ಎಲ್ಲ ಸರಿ ಬಂದ ಮೇಲೆ ‘ಗ್ಯಾಸ್ ಇರಬೇಕು ಬಿಡಿ’ ಅಂತ ತಾವೇ ಹೇಳಿ ಎದ್ದು ಹೊರಡುತ್ತಾರೆ. ಆಮೇಲೆ ಹೊರಗೆ ಕೂತಿದ್ದ ಹೆಂಡತಿ ನನ್ನ ಹಿಂದೆ ಬಂದು ಮೆಲ್ಲಗೆ ಕೇಳುತ್ತಾರೆ: “ಬ್ರದರ್, ಇವರು ರಾತ್ರಿ ನಿದ್ದೇನೇ ಮಾಡಲ್ಲ. ಯಾರ ಹತ್ರಾನೂ ಮಾತಿಲ್ಲ. ಕೇಳಿದ್ರೆ ಏನೂ ಇಲ್ಲ ಅಂತಾರೆ. ನಾನೇನು ಮಾಡ್ಲಿ?”

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸಲು ಆಗದ್ದನ್ನು ಇಲ್ಲಿ ಬರೆದಿದ್ದೇನೆ. ಹೆಂಡತಿಗೆ ಮಾತ್ರ ಅಂತಲ್ಲ. ಅಣ್ಣ, ತಂಗಿ, ಮಗಳು, ಜೊತೆಯಲ್ಲಿ ಕೆಲಸ ಮಾಡುವವರು, ಯಾರು ಬೇಕಾದರೂ ಇದನ್ನು ಮಾಡಬಹುದು.

ಮೊದಲು ಗುರುತಿಸಿ

ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಗಂಡಸರಲ್ಲಿ ಅದು ಬೇರೆ ವೇಷದಲ್ಲಿ ಬರಬಹುದು. ಸಣ್ಣ ಮಾತಿಗೂ ಸಿಡಿಯುವುದು. ಕುಡಿತ ಜಾಸ್ತಿ ಆಗುವುದು. ರಜೆಯ ದಿನವೂ ಏನೋ ಕೆಲಸ ಹುಡುಕಿಕೊಂಡು ಮನೆಯಿಂದ ದೂರ ಇರುವುದು. ಗಾಡಿಯನ್ನು ಅಡ್ಡಾದಿಡ್ಡಿ ಓಡಿಸುವುದು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಫೋನ್ ಹಿಡಿದು ಕೂರುವುದು. ವರ್ಷಗಟ್ಟಲೆ ಆಸೆಯಿಂದ ಮಾಡುತ್ತಿದ್ದ ಆಟವನ್ನೋ ಹವ್ಯಾಸವನ್ನೋ ಯಾರಿಗೂ ಹೇಳದೆ ಬಿಟ್ಟುಬಿಡುವುದು. ನನ್ನ ಮಟ್ಟಿಗೆ ಈ ಕೊನೆಯದನ್ನು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕು. ಸಿಟ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ, ಇದು ಬೀಳುವುದಿಲ್ಲ.

ವೈದ್ಯರಿಗೂ ಇದು ತಪ್ಪಿಹೋಗುತ್ತದೆ. ಸ್ವೀಡನ್ನಿನ ಗಾಟ್ಲಂಡ್ ದ್ವೀಪದಲ್ಲಿ 1983–84ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ಖಿನ್ನತೆಯನ್ನು ಗುರುತಿಸುವ ತರಬೇತಿ ಕೊಟ್ಟರು. ಮುಂದಿನ ದಿನಗಳಲ್ಲಿ ಆತ್ಮಹತ್ಯೆ ಕಡಿಮೆಯಾಯಿತು. ಆದರೆ ಕಡಿಮೆಯಾದದ್ದು ಹೆಚ್ಚಾಗಿ ಹೆಂಗಸರಲ್ಲಿ. ಗಂಡಸರ ಲೆಕ್ಕ ಹೆಚ್ಚು ಕದಲಲೇ ಇಲ್ಲ. ಈ ಕೆಲಸ ನಡೆಸಿದ ಮನೋವೈದ್ಯ ವುಲ್ಫ್‌ಗ್ಯಾಂಗ್ ರುಟ್ಸ್ ಮತ್ತು ಅವರ ಜೊತೆಗಾರರಿಗೆ ಕಾರಣ ಕಾಣಿಸಿತು. ಗಂಡಸರು ವೈದ್ಯರ ಬಳಿಗೇ ಬರುತ್ತಿರಲಿಲ್ಲ. ಬಂದರೂ ಅವರ ಸಿಟ್ಟು, ಕುಡಿತದ ಹಿಂದೆ ಏನಿದೆ ಅಂತ ಯಾರೂ ನೋಡುತ್ತಿರಲಿಲ್ಲ. ಆಮೇಲೆ ಗಂಡಸರಿಗಾಗಿಯೇ ಒಂದು ಪ್ರಶ್ನಾವಳಿ ತಯಾರಾಯಿತು. ಅದರಲ್ಲಿ ಸಿಡುಕು, ಒತ್ತಡ, ಸುಸ್ತು, ಕುಡಿತ ಎಲ್ಲವನ್ನೂ ಕೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು. ಆತ್ಮಹತ್ಯೆಯ ಪ್ರಮಾಣ ಮಾತ್ರ ಗಂಡಸರಲ್ಲೇ ಹೆಚ್ಚು, ಹೆಚ್ಚುಕಡಿಮೆ ಎರಡು ಪಟ್ಟು. ಪ್ರಪಂಚದಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋಗುತ್ತಾರೆ. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಯಾರಿಗೂ ಹೇಳದೆ ಉಳಿದವರು ಎಷ್ಟೋ ಜನ ಇದ್ದಾರೆ ಅಂತ ನನಗೆ ಅನಿಸುತ್ತದೆ.

ಅವರು ಬೇಕೆಂದೇ ಮುಚ್ಚಿಡುತ್ತಾರೆ ಅಂದುಕೊಳ್ಳಬೇಡಿ. ‘ಹುಡುಗ ಆಗಿ ಅಳ್ತೀಯಾ’ ಅಂತ ಕೇಳಿಸಿಕೊಂಡು ಬೆಳೆದವರಿಗೆ ಮುಖ ಗಟ್ಟಿ ಮಾಡಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಜೇಮ್ಸ್ ಗ್ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಕೆಲವರಿಗೆ ಮನಸ್ಸು ಕಲಕುವ ದೃಶ್ಯಗಳನ್ನು ತೋರಿಸಿ, ಮುಖದಲ್ಲಿ ಏನೂ ಕಾಣದ ಹಾಗೆ ನೋಡಿ ಅಂದರು. ಮುಖವೇನೋ ಶಾಂತವಾಗಿತ್ತು. ಆದರೆ ಬೆರಳಿನ ರಕ್ತನಾಳಗಳು ಸಾಮಾನ್ಯಕ್ಕಿಂತ ಹೆಚ್ಚು ಬಿಗಿದಿದ್ದವು. ಹೊರಗೆ ಅದುಮಿದ್ದನ್ನು ಒಳಗೆ ಮೈ ಹೊರುತ್ತಿತ್ತು.

ಒಂದು ಎಚ್ಚರಿಕೆ. ಎದೆ ನೋವು ಅಂದರೆ ಮೊದಲು ಹೃದಯವನ್ನೇ ತೋರಿಸಬೇಕು. ‘ಟೆನ್ಶನ್ ಇರಬೇಕು’ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಎದುರಿಗೆ ಕೂರಿಸಬೇಡಿ

‘ಬಾ, ಕೂತ್ಕೋ, ನಿನ್ನ ಹತ್ರ ಮಾತಾಡಬೇಕು’ ಅಂದರೆ ಅರ್ಧ ಕೆಲಸ ಅಲ್ಲೇ ಕೆಡುತ್ತದೆ. ಅವರಿಗೆ ಅದು ವಿಚಾರಣೆಯ ಹಾಗೆ ಕೇಳುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುವವರ ಮುಂದೆ ಮುಖ ಗಟ್ಟಿ ಮಾಡಿಕೊಳ್ಳುವ ಅಭ್ಯಾಸ ತಾನಾಗೇ ಬಂದುಬಿಡುತ್ತದೆ.

ಇದು ನನಗೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಟೇಬಲ್ಲಿನಲ್ಲಿ ತಿಳಿದದ್ದು. ಐವತ್ತರ ಆಸುಪಾಸಿನ ಒಬ್ಬರು ಅಂಗೈ ಸೀಳಿಕೊಂಡು ಬಂದಿದ್ದರು. ಎರಡು ದಿನಕ್ಕೊಮ್ಮೆ ಬಂದು ಕೈ ಚಾಚುತ್ತಿದ್ದರು. ಹಳೆಯ ಬಟ್ಟೆ ಗಾಯಕ್ಕೆ ಅಂಟಿರುತ್ತದೆ. ಎಳೆದರೆ ನೋವು. ಸಲೈನ್ ಹಾಕಿ, ನೆನೆಯಲು ಬಿಟ್ಟು, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಅಷ್ಟು ಹೊತ್ತು ನಾವಿಬ್ಬರೂ ಅವರ ಅಂಗೈಯನ್ನೇ ನೋಡುತ್ತಾ ಕೂತಿರುತ್ತಿದ್ದೆವು. ಮೊದಮೊದಲು ಮಾತೇ ಇಲ್ಲ. ಒಂದು ದಿನ ನಾನು, “ಈ ಕೈಯಲ್ಲಿ ಕೆಲಸಕ್ಕೆ ಹೋಗೋದು ಕಷ್ಟ ಅಲ್ವಾ?” ಅಂದೆ. ಅವರು ತಲೆ ಎತ್ತದೆ ಹೇಳಿದರು: “ಕೆಲಸ ಹೋಗಿ ಆರು ತಿಂಗಳಾಯ್ತು. ಮನೇಲಿ ಗೊತ್ತಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತೀನಿ.” ನಾನು ಗಾಯದ ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವರ ಮಾತೂ ನಿಲ್ಲುತ್ತಿತ್ತು. ಬಟ್ಟೆ ಬಿಡಿಸುತ್ತಾ, “ಹಗಲೆಲ್ಲಾ ಎಲ್ಲಿರ್ತೀರಿ?” ಅಂತ ಮಾತ್ರ ಕೇಳಿದೆ. ಆಮೇಲೆ ಅವರೇ ಹೇಳಿದರು, ಎಲ್ಲವನ್ನೂ.

ನಿಮಗೂ ಅಂಥ ಜಾಗ ಬೇಕು. ಇಬ್ಬರ ಕಣ್ಣೂ ಬೇರೆಲ್ಲೋ ಇರಬೇಕು, ಕೈಗೆ ಒಂದು ಕೆಲಸ ಇರಬೇಕು. ಗಾಡಿಯಲ್ಲಿ ಪಕ್ಕ ಕೂತಾಗ, ಸಂಜೆ ನಡೆಯುವಾಗ, ಕೆಟ್ಟ ಫ್ಯಾನ್ ಬಿಚ್ಚುವಾಗ, ಪಾತ್ರೆ ತೊಳೆಯುವಾಗ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ‘ಮೆನ್ಸ್ ಶೆಡ್’ ಅಂತ ಶುರುವಾಯಿತು. ನಿವೃತ್ತರು, ಒಂಟಿ ಗಂಡಸರು ಬಂದು ಒಟ್ಟಿಗೆ ಮರಗೆಲಸ, ರಿಪೇರಿ ಮಾಡುವ ಜಾಗ. ಎದುರು ಬದುರು ಕೂತು ಹೇಳಲಾಗದ್ದನ್ನು ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುವಾಗ ಹೇಳುತ್ತಾರೆ ಅನ್ನುವುದೇ ಅವರ ಲೆಕ್ಕಾಚಾರ. ಅದು ಬೇರೆ ದೇಶಗಳಿಗೂ ಹರಡಿತು.

ಕುಡಿದಿರುವಾಗ ಬೇಡ. ಆಗ ಮಾತು ಬರಬಹುದು, ಆದರೆ ಬೆಳಿಗ್ಗೆ ಅದು ಉಳಿಯುವುದಿಲ್ಲ. ಮಕ್ಕಳ ಮುಂದೆಯೂ ಬೇಡ.

ಕಂಡದ್ದನ್ನು ಹೇಳಿ, ಆಮೇಲೆ ಕೇಳಿ

‘ಏನಾಗಿದೆ ನಿನಗೆ?’ ಅಂದರೆ ‘ಏನೂ ಇಲ್ಲ’ ಅನ್ನುವ ಉತ್ತರ ಸಿದ್ಧವಾಗಿ ಕಾದಿರುತ್ತದೆ. ಬದಲಿಗೆ ನೀವು ಕಣ್ಣಾರೆ ಕಂಡ ಒಂದನ್ನು ಮಾತ್ರ ಎತ್ತಿ. “ನಿನ್ನೆನೂ ಮೂರು ಗಂಟೆಗೆ ಎದ್ದು ಕೂತಿದ್ರಿ. ನಿದ್ದೆ ಯಾವಾಗಿಂದ ಹೀಗಾಗಿದೆ?” ಗೆಳೆಯ ಆದರೆ, “ಲೋ, ಎರಡು ತಿಂಗಳಿಂದ ಆಟಕ್ಕೆ ಬಂದಿಲ್ಲ ನೀನು. ಏನ್ ಸಮಾಚಾರ?” ಮೈಯ ವಿಷಯದಿಂದ ಶುರು ಮಾಡಿದರೆ ಸುಲಭ. ನಿದ್ದೆ, ಹಸಿವು, ತಲೆನೋವಿನ ಬಗ್ಗೆ ಮಾತಾಡುವುದರಲ್ಲಿ ಗಂಡಸರಿಗೆ ಅವಮಾನ ಅನಿಸುವುದಿಲ್ಲ. ಮನಸ್ಸಿನ ಮಾತು ಅದರ ಹಿಂದೆಯೇ ಬರುತ್ತದೆ.

ಕೇಳಿದ ಮೇಲೆ ಸುಮ್ಮನಿರಿ. ಇದೇ ಕಷ್ಟದ ಭಾಗ. ಆ ಮೌನ ನಿಮಗೆ ಎಷ್ಟೇ ಉದ್ದ ಅನಿಸಿದರೂ ನೀವು ತುಂಬಬೇಡಿ. ಆಗಲೂ ‘ಏನೂ ಇಲ್ಲ’ ಅಂದರೆ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಕೇಳಿ: “ನಿಜವಾಗ್ಲೂ?” ಮೊದಲ ಸಲ ಕೇಳಿದ್ದು ಬಾಯಿಮಾತಿಗೆ ಅಂತ ಅವರು ಅಂದುಕೊಂಡಿರಬಹುದು. ಅವತ್ತು ಬಾಯಿ ಬಿಡದಿದ್ದರೆ ಒತ್ತಾಯ ಬೇಡ. ನೀವು ಗಮನಿಸಿದ್ದೀರಿ ಅನ್ನುವುದು ಅವರಿಗೆ ಗೊತ್ತಾಗಿದೆ. ಕೆಲವು ದಿನ ಬಿಟ್ಟು ಮತ್ತೆ ಕೇಳಿ.

ಮಾತು ಬಂದಾಗ ಪರಿಹಾರ ಹೇಳಲು ಹೊರಡಬೇಡಿ. “ನಾನು ಸುಮ್ನೆ ಕೇಳಬೇಕಾ, ಏನಾದ್ರೂ ಮಾಡಬೇಕಾ?” ಅಂತ ಅವರನ್ನೇ ಕೇಳಿ. ‘ಎಲ್ಲರಿಗೂ ಇದ್ದದ್ದೇ’, ‘ನಿನಗೇನು ಕಡಿಮೆ ಆಗಿದೆ’, ‘ಗಂಡಸಾಗಿ ಇಷ್ಟಕ್ಕೆಲ್ಲ ಹೆದರಿದ್ರೆ ಹೇಗೆ’ ಅನ್ನುವ ಮಾತು ಬರಲೇಬಾರದು. ಅತ್ತರೆ ಅಳಲಿ. ನೀರು ತರುವ ನೆಪದಲ್ಲಿ ಎದ್ದು ಹೋಗಬೇಡಿ. ಗಂಡ ಅತ್ತದ್ದನ್ನು ನೋಡಿ ತಮಗೇ ಕಾಲಡಿಯ ನೆಲ ಕುಸಿದ ಹಾಗಾಯಿತು ಅಂತ ಹೆಂಗಸರು ನನ್ನ ಹತ್ತಿರ ಹೇಳಿದ್ದಾರೆ. ಅದು ಸಹಜ. ಆದರೆ ಆ ಹೆದರಿಕೆ ಮುಖದಲ್ಲಿ ಕಂಡರೆ ಅವರು ತಕ್ಷಣ ಕಣ್ಣೊರೆಸಿಕೊಂಡು ನಿಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತಾರೆ. ಪಕ್ಕದಲ್ಲಿ ಕೂತಿರಿ, ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಅವತ್ತು ಅವರು ಹೇಳಿದ್ದು ಮುಂದಿನ ಜಗಳದಲ್ಲಿ ನಿಮ್ಮ ಬಾಯಿಂದ ಬರಬಾರದು. ‘ಅವತ್ತು ಅತ್ತಿದ್ದೆ ಅಲ್ಲ’ ಅಂತ ಒಂದು ಸಲ ಅಂದರೆ ಸಾಕು, ಆ ಬಾಗಿಲು ವರ್ಷಗಟ್ಟಲೆ ಮುಚ್ಚುತ್ತದೆ. ಅಕ್ಕನಿಗೋ ಅತ್ತೆಗೋ ಹೇಳುವುದೂ ಬೇಡ, ಅವರನ್ನು ಕೇಳದೆ. ಮರುದಿನ ಅವರು ಮುಖ ತಪ್ಪಿಸಬಹುದು. ಎಂದಿನ ಹಾಗೇ ಇರಿ. ರೋಗಿಯನ್ನು ನೋಡುವ ಹಾಗೆ ನೋಡಬೇಡಿ.

ಹಾಗಂತ ಎಲ್ಲವನ್ನೂ ಸಹಿಸಬೇಕು ಅಂತಲ್ಲ. ಸಿಟ್ಟಿನ ಹಿಂದೆ ನೋವಿದೆ ಅಂದಮಾತ್ರಕ್ಕೆ ಹೊಡೆತ ತಿನ್ನಬೇಕಾಗಿಲ್ಲ. ಕೈ ಮಾಡುವವರಿಂದ ಮೊದಲು ನೀವು, ಮಕ್ಕಳು ದೂರ ಹೋಗಿ. ಚಿಕಿತ್ಸೆಯ ಮಾತು ಆಮೇಲೆ.

ನೇರವಾಗಿ ಕೇಳಬೇಕಾದ ಪ್ರಶ್ನೆ

ನನ್ನಿಂದ ಯಾರಿಗೂ ಪ್ರಯೋಜನ ಇಲ್ಲ, ನಾನಿಲ್ಲದಿದ್ದರೇ ನಿಮಗೆ ಒಳ್ಳೇದು ಅನ್ನುವ ಮಾತು ಬಂದರೆ, ಸಾಲದ ಲೆಕ್ಕ, ಕಾಗದ ಪತ್ರ ಎಲ್ಲ ಇದ್ದಕ್ಕಿದ್ದ ಹಾಗೆ ಒಪ್ಪಿಸಲು ಶುರು ಮಾಡಿದರೆ, ಸುತ್ತಿ ಬಳಸಿ ಕೇಳಬೇಡಿ. “ಸಾಯಬೇಕು ಅಂತ ಅನಿಸ್ತಿದೆಯಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಇದನ್ನು ಅಧ್ಯಯನಗಳೂ ಹೇಳುತ್ತವೆ. ಕೊನೆಗೂ ಯಾರೋ ಕೇಳಿದರಲ್ಲ ಅಂತ ಉಸಿರು ಬಿಟ್ಟವರನ್ನು ನಾನು ನೋಡಿದ್ದೇನೆ.

ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮಾತ್ರೆ, ವಿಷ, ಆಯುಧ ಏನೇ ಇದ್ದರೂ ಅವರ ಕೈಗೆ ಸಿಗದ ಹಾಗೆ ಮನೆಯಿಂದ ಹೊರಗೆ ಸಾಗಿಸಿ. ಅವತ್ತೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಬನ್ನಿ, ನಡುರಾತ್ರಿಯಾದರೂ ಸರಿ. ನೀವಿರುವ ಕಡೆಯ ಸಹಾಯವಾಣಿಯ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಡಿ. ಆ ಹೊತ್ತಿನಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ.

ಡಾಕ್ಟರ ಹತ್ತಿರ

ಮನೋವೈದ್ಯರ ಹೆಸರು ಎತ್ತಿದರೆ ‘ನನಗೇನು ಹುಚ್ಚಾ?’ ಅನ್ನುವವರು ಇದ್ದಾರೆ. ಅವರನ್ನು ಮೊದಲು ಸಾಮಾನ್ಯ ವೈದ್ಯರಿಗೆ ತೋರಿಸಿ. “ನಿದ್ದೆ ಸರಿ ಇಲ್ಲ, ಒಂದ್ಸಲ ತೋರಿಸಿಕೊಂಡು ಬರೋಣ” ಅಂದರೆ ಸಾಕು, ಸುಳ್ಳೂ ಅಲ್ಲ. ಬಿಪಿ, ಶುಗರ್, ಥೈರಾಯ್ಡ್ ನೋಡಿಸುವುದೂ ಒಳ್ಳೆಯದೇ. ಡಾಕ್ಟರು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಕೊಡಬಹುದು. ಹಿಂದಿನ ಎರಡು ವಾರ ಹೇಗಿತ್ತು ಅನ್ನುವ 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸುತ್ತಾರೆ. ಆದರೆ ಅದರಲ್ಲಿ ಸಿಟ್ಟಿನ ಬಗ್ಗೆ, ಕುಡಿತದ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಅವೆರಡನ್ನು ನೀವಾಗಿಯೇ ಹೇಳಬೇಕು.

ಔಷಧಿ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಎಂಟು ದಿನ ನುಂಗಿ ‘ಏನೂ ಪ್ರಯೋಜನ ಆಗ್ಲಿಲ್ಲ’ ಅಂತ ಬಿಡುವವರು ಬಹಳ. ಗಂಡಸರು ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳಿಂದ ಲೈಂಗಿಕ ಆಸಕ್ತಿ, ಶಕ್ತಿ ತಗ್ಗಬಹುದು. ಗಂಡಸುತನವೇ ಹೋಯಿತು ಅಂತ ಹೆದರಿ ಮಾತ್ರೆ ಎಸೆದುಬಿಡುತ್ತಾರೆ. ಡಾಕ್ಟರಿಗೆ ಹೇಳಿದರೆ ಪ್ರಮಾಣ ತಗ್ಗಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ತಾವಾಗಿಯೇ ದಿಢೀರನೆ ನಿಲ್ಲಿಸುವುದು ಮಾತ್ರ ಬೇಡ.

ನೀವೇ ಆ ಗಂಡಸಾಗಿದ್ದರೆ

ಇದನ್ನು ಓದುತ್ತಾ ‘ಇದು ನನ್ನ ಕಥೆ’ ಅನಿಸಿದ್ದರೆ ಮೊದಲು ಒಂದು ಪೆನ್ನು ತಗೊಳ್ಳಿ. ಜೇಮ್ಸ್ ಪೆನ್ನಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಾಡಿದ್ದನ್ನು ಬರೆದರು. ನಡೆದದ್ದನ್ನೂ ಅದರಿಂದ ತಮಗೆ ಏನನಿಸಿತು ಅನ್ನುವುದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ. ಹರಿದು ಹಾಕಿ ಬೇಕಾದರೆ.

ಆಮೇಲೆ ಒಬ್ಬರನ್ನು ಆರಿಸಿಕೊಳ್ಳಿ. ಎಲ್ಲರಿಗೂ ಹೇಳುವುದು ಬೇಡ, ಒಬ್ಬರು ಸಾಕು. “ಒಂದು ವಿಷಯ ಹೇಳ್ತೀನಿ, ನೀನು ಏನೂ ಹೇಳಬೇಡ, ಸುಮ್ನೆ ಕೇಳು” ಅಂತ ಶುರು ಮಾಡಿ. ಎದುರಿಗೆ ಹೇಳಲು ಆಗದಿದ್ದರೆ ಫೋನ್ ಮಾಡಿ. ಅದೂ ಆಗದಿದ್ದರೆ ಮೆಸೇಜ್ ಹಾಕಿ.

ಆಸ್ಪತ್ರೆಗೆ ಬಂದು ಬಾಯಿ ಕಟ್ಟಿದರೆ ಅದಕ್ಕೂ ದಾರಿ ಇದೆ. ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ: ನಿದ್ದೆ ಯಾವಾಗಿಂದ ಕೆಟ್ಟಿದೆ, ಎಷ್ಟು ಕುಡಿಯುತ್ತೀರಿ, ರಾತ್ರಿ ಎಚ್ಚರವಾದಾಗ ತಲೆಯಲ್ಲಿ ಏನು ಓಡುತ್ತದೆ. ಬಿಪಿ ನೋಡುವಾಗ ಆ ಚೀಟಿಯನ್ನು ನರ್ಸ್ ಕೈಗೆ ಕೊಡಿ. ಡಾಕ್ಟರಿಗೆ ತಲುಪಿಸುವುದು ನಮ್ಮ ಕೆಲಸ.